ಘಟದ ಸಸಿ, ತಟ್ಟೆಯ ಸಸಿ



ನವರಾತ್ರಿ ಬಂತೆಂದರೆ ನಮ್ಮ ಹಾವೇರಿ ಕಡೆ ಎಷ್ಟೋ ಮನೆಗಳಲ್ಲಿ ಘಟ ಕೂಡಿಸುತ್ತಾರೆ. ಮಣ್ಣಿನ ಮೇಲೆ ಕಾಳು ಚೆಲ್ಲಿ, ದಿನಾ ನೀರು ಚಿಮುಕಿಸಿ ದೀಪ ಹಚ್ಚಿದರೆ, ದಸರಾ ಹೊತ್ತಿಗೆ ತಿಳಿಹಳದಿ ಸಸಿ ಗೇಣುದ್ದ ಬಂದಿರುತ್ತದೆ. ಆ ಸಸಿಯನ್ನು ಹೆಂಗಸರು ಮುಡಿಯುತ್ತಾರೆ, ಗಂಡಸರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಾರೆ. ಈಗ ಪೇಟೆಯಲ್ಲಿ ಪುಟ್ಟ ಡಬ್ಬಿಗೆ ತುಂಬಿ ‘ಮೈಕ್ರೋಗ್ರೀನ್ಸ್’ ಎಂದು ಮಾರುತ್ತಾರಲ್ಲ, ಅದೂ ಇಂಥದೇ ಎಳೆ ಸಸಿ. ಹೆಸರು ಇಂಗ್ಲಿಷಿನದಾದ ಕೂಡಲೇ ಬೆಲೆಯೂ ಏರುತ್ತದೆ, ಅದಿರಲಿ.

ಹೋದ ವರ್ಷ ದಸರಾಕ್ಕೆ ಹತ್ತು ದಿನ ಮೊದಲು ನಾನೂ ಅಡುಗೆಮನೆ ಕಿಟಕಿಯಲ್ಲಿ ಒಂದು ತಟ್ಟೆ ಮೆಂತ್ಯ, ಒಂದು ತಟ್ಟೆ ಸಾಸಿವೆ ಹಾಕಿದೆ. ಹಬ್ಬಕ್ಕೆ ನಾದಿನಿ ಬರುವವಳಿದ್ದಳು. ಏಳು ತಿಂಗಳ ಬಸುರಿ, ಜೊತೆಗೆ ನಾಲ್ಕು ವರ್ಷದ ಮಗ. ಅವಳಿಗೆಂದೇ ಹೆಸರುಕಾಳನ್ನೂ ಬಟ್ಟೆಯಲ್ಲಿ ಕಟ್ಟಿ ಮೊಳಕೆಗಿಟ್ಟೆ. “ಬಸುರಿ ಹೆಂಗಸು ಮೊಳಕೆಕಾಳು ತಿಂದ್ರ ಚಲೋ” ಎಂದು ಅತ್ತೆಯವರು ಎರಡು ಸಲ ನೆನಪಿಸಿದ್ದರು. ಆದರೆ ಹಬ್ಬದ ಗಡಿಬಿಡಿ ನಿಮಗೇ ಗೊತ್ತು. ಹೂರಣ ರುಬ್ಬುವುದು, ಪಾತ್ರೆ ಬೆಳಗುವುದು, ಬಂದವರಿಗೆ ಚಹಾ. ಕಾಳಿನ ಗಂಟು ಒಲೆಯ ಹತ್ತಿರವೇ ಎರಡು ಹಗಲು, ಎರಡು ರಾತ್ರಿ ಕೂತಿತ್ತು. ಬಿಚ್ಚಿದಾಗ ಮೊಳಕೆ ಉದ್ದಕ್ಕೆ ಬಂದಿತ್ತು, ಸ್ವಲ್ಪ ಲೋಳೆ, ಸ್ವಲ್ಪ ಹುಳಿ ವಾಸನೆ. ಮೂರು ನೀರಿನಲ್ಲಿ ತೊಳೆದೆ, ವಾಸನೆ ಹೋಯಿತು. ಕೊಬ್ಬರಿ, ನಿಂಬೆಹಣ್ಣು, ಒಗ್ಗರಣೆ ಹಾಕಿ ಕೋಸಂಬರಿ ಮಾಡಿಬಿಟ್ಟೆ.

ನಾದಿನಿ ಎಲೆ ಮುಂದೆ ಕೂತು ಕೇಳಿದಳು, “ವೈನಿ, ಇದನ್ನ ಹಿಂಗs ಹಸೀದು ತಿಂದ್ರ ನಡೀತದೇನ್ರಿ?”

“ತಿನ್ನವಾ, ಏನೂ ಆಗೂದಿಲ್ಲ” ಎಂದವಳು ನಾನೇ.

ಅವಳು ಎರಡು ಚಮಚ ತಿಂದಳು, ಹುಡುಗ ಒಂದು ಬಟ್ಟಲು ತಿಂದ. ರಾತ್ರಿ ಹನ್ನೊಂದಕ್ಕೆ ವಾಂತಿ ಶುರುವಾಯಿತು, ಆಮೇಲೆ ಭೇದಿ. ನಾನು ಒಂದು ಕಣ್ಣು ಹುಡುಗನ ಮೇಲೆ, ಒಂದು ಕಣ್ಣು ಅವನ ತಾಯಿಯ ಹೊಟ್ಟೆಯ ಮೇಲೆ ಇಟ್ಟು ಬೆಳಗು ಮಾಡಿದೆ. ದೇವರ ದಯೆ, ಅವಳಿಗೆ ಏನೂ ಆಗಲಿಲ್ಲ. ಹುಡುಗ ಓಆರ್‌ಎಸ್ ಕುಡಿದು ಎರಡು ದಿನಕ್ಕೆ ಎದ್ದ. ಅವನು ಪೇಟೆಯ ಪೇಢೆಯನ್ನೂ ತಿಂದಿದ್ದ, ಕೋಸಂಬರಿಯೇ ಕಾರಣ ಎಂದು ಡಾಕ್ಟರು ಹೇಳಲಿಲ್ಲ. ಆದರೆ “ಬಸುರಿಗೆ ಹಸಿ ಮೊಳಕೆ ಕೊಟ್ಟಿದ್ದು ಯಾರು?” ಎಂದು ಕೇಳಿದಾಗ ನಾನು ತಲೆ ತಗ್ಗಿಸಿದೆ.

ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮೊಳಕೆ ಒಡೆಯಲು ಬೇಕಾದ ಬಿಸುಪು, ತೇವ ಎರಡೂ ರೋಗಾಣು ಬೆಳೆಯುವುದಕ್ಕೂ ಬೇಕು. ಅದು ನಮ್ಮ ಕೈಯಿಂದಲೇ ಬರಬೇಕೆಂದಿಲ್ಲ, ಕಾಳಿನ ಜೊತೆಗೇ ಬಂದಿರಬಹುದು. ಹಾಗಾಗಿ ತೊಳೆದರೆ ವಾಸನೆ ಹೋದೀತು, ರೋಗಾಣು ಪೂರ್ತಿ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆಯಿಂದ ಸುಮಾರು 4,000 ಮಂದಿ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಅದು ಯಾವ ಮೊಳಕೆ ಗೊತ್ತೇ? ನಮ್ಮ ಮೆಂತ್ಯದ್ದೇ! ಬೇರೆ ದೇಶದಿಂದ ತರಿಸಿದ ಮೆಂತ್ಯದ ಬೀಜದಲ್ಲೇ ಆ ರೋಗಾಣು ಬಂದಿತ್ತೆಂದು ತನಿಖೆ ಮಾಡಿದವರು ಹೇಳಿದರು. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಸೊರಗಿದವರು ಹಸಿ ಮೊಳಕೆ ಮುಟ್ಟಬಾರದು. ಹಬ್ಬದ ಪಂಕ್ತಿಯಲ್ಲಿ ಕೂತವರಲ್ಲಿ ಅರ್ಧ ಇವರೇ ಅಲ್ಲವೇ?

ಹಾಗೆಂದು ಮೊಳಕೆ ಬಿಡಬೇಕಿಲ್ಲ. ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ಬೇಯಿಸಿ, ಬಸಿದು, ಆಮೇಲೆ ಕೋಸಂಬರಿ ಮಾಡಿ. ಕಾಳು ಮುದ್ದೆಯಾಗುವುದಿಲ್ಲ. ಉಪ್ಪು, ನಿಂಬೆರಸ ಎಲೆಗೆ ಬಡಿಸುವ ಮುಂಚೆ ಹಾಕಿ, ನೀರು ಒಡೆಯುವುದಿಲ್ಲ.

ತಟ್ಟೆಯಲ್ಲಿ ಬೆಳೆಸಿದ ಎಳೆ ಸಸಿ ಮೊಳಕೆಗಿಂತ ವಾಸಿ. ಅದು ಗಾಳಿ ಬೆಳಕಿನಲ್ಲಿ ಬೆಳೆಯುತ್ತದೆ, ಬೇರು ಕಾಳು ಬಿಟ್ಟು ಮೇಲಿನದಷ್ಟೇ ಕತ್ತರಿಸುತ್ತೇವೆ. ಅಡುಗೆಗೆ ತಂದ ಮೆಂತ್ಯವೇ ಸಾಕು. ಬಿತ್ತನೆಗೆಂದು ಮಾರುವ ಕೆಂಪು, ನೀಲಿ ಬಣ್ಣ ಬಳಿದ ಬೀಜ ಬೇಡವೇ ಬೇಡ, ಅದಕ್ಕೆ ಔಷಧ ಹಚ್ಚಿರುತ್ತಾರೆ. ಒಂದು ರಾತ್ರಿ ನೆನೆಸಿ, ತಳದಲ್ಲಿ ತೂತಿರುವ ತಟ್ಟೆಗೆ ಎರಡು ಬೆರಳು ಜರಡಿ ಹಿಡಿದ ಮಣ್ಣು ಅಥವಾ ತೆಂಗಿನ ನಾರಿನ ಪುಡಿ ಹಾಕಿ, ಮೇಲೆ ಒತ್ತಾಗಿ ಚೆಲ್ಲಿ. ಸಗಣಿ ಗೊಬ್ಬರ ಹಾಕಬೇಡಿ. ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಬೆಳಕಿಗಿಡಿ. ಕುಡಿಯುವ ನೀರನ್ನೇ ಚಿಮುಕಿಸಿ. ಏಳರಿಂದ ಹತ್ತು ದಿನಕ್ಕೆ ಎರಡೆಲೆ ಬಿಚ್ಚುತ್ತವೆ, ಮಣ್ಣಿನಿಂದ ಅರ್ಧ ಬೆರಳು ಮೇಲೆ ತೊಳೆದ ಕತ್ತರಿಯಿಂದ ಕತ್ತರಿಸಿ. ಬೂಸಲು ಬಂದರೆ ತಟ್ಟೆ ಸಮೇತ ತಿಪ್ಪೆಗೆ. ನಾನಂತೂ ಈಗ ಇದನ್ನೂ ಒಗ್ಗರಣೆಯಲ್ಲಿ ಬಾಡಿಸಿ ಜುಣಕಕ್ಕೋ ಬೇಳೆಗೋ ಹಾಕುತ್ತೇನೆ. ಕಹಿ ಕಡಿಮೆ, ರುಚಿ ಬಹಳ. ಘಟದ ಸಸಿ ಮಾತ್ರ ಮುಡಿಯುವುದಕ್ಕೆ, ಅದರ ಮಣ್ಣು ಎಲ್ಲಿಂದ ತಂದಿದ್ದೋ ಏನೋ.

ಇನ್ನು ಮುಖದ ಕಥೆ. ಆ ಹಬ್ಬದಲ್ಲೇ ಹದಿನೇಳು ವರ್ಷದ ನನ್ನ ಮಗಳು ಮೊಬೈಲಿನಲ್ಲಿ ಏನೋ ನೋಡಿ, ಎರಡೂ ತಟ್ಟೆಯ ಸಸಿ ಕಿತ್ತು ನಿಂಬೆರಸ ಹಾಕಿ ರುಬ್ಬಿ ಮುಖಕ್ಕೆ ಮೆತ್ತಿಕೊಂಡಳು. ಐದು ನಿಮಿಷಕ್ಕೆ “ಅವ್ವಾ, ಉರೀತದ” ಎಂದು ಕುಣಿದಾಡಿದಳು. ಉರಿಯದೆ ಏನು? ಸಾಸಿವೆಯನ್ನು ಅರೆದಾಗಲೇ ಅದರ ಖಾರ ಹೊರಬರುವುದು, ಬಹಳ ಹೊತ್ತು ಬಿಟ್ಟರೆ ಬೊಬ್ಬೆಯೇ ಏಳುತ್ತದೆ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಕಪ್ಪು ಕಲೆ ಕೂರುವುದೂ ಉಂಟು. ತಣ್ಣೀರಿನಲ್ಲಿ ಹತ್ತು ಸಲ ತೊಳೆಸಿದೆ. ಮರುದಿನ ಬನ್ನಿ ಕೊಡಲು ಹೋದಲ್ಲೆಲ್ಲ “ಮುಖಕ್ಕ ಏನಾತವಾ?” ಎಂಬುದೇ ಮಾತು.

ಮುಖಕ್ಕೆ ಮೆಂತ್ಯದ ಸಸಿಯೊಂದೇ ಸಾಕು. ಒಂದು ಹಿಡಿ ತೊಳೆದು, ಒಂದು ಚಮಚ ಕಡಲೆಹಿಟ್ಟು, ಸ್ವಲ್ಪ ಆರಿಸಿದ ನೀರು ಹಾಕಿ ಅರೆಯಿರಿ. ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಕೆಂಪು, ತುರಿಕೆ ಬಂದರೆ ಬಿಡಿ. ಶೇಂಗಾ ಅಥವಾ ಕಡಲೆ ಒಗ್ಗದವರಿಗೆ ಮೆಂತ್ಯವೂ ಒಗ್ಗದಿರಬಹುದು, ಇವು ಒಂದೇ ಕುಲದವು. ಒಗ್ಗಿದರೆ ಕಣ್ಣು, ತುಟಿ ಬಿಟ್ಟು ಹಚ್ಚಿ ಹತ್ತು ನಿಮಿಷಕ್ಕೆ ತೊಳೆಯಿರಿ. ಗಾಯ, ಒಡೆದ ಮೊಡವೆ ಇದ್ದಲ್ಲಿ ಬೇಡ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ಹಚ್ಚುವ ಜಿಪುಣತನವೂ ಬೇಡ, ಆ ಹಸಿ ಲೇಪ ಬೇಗ ಕೆಡುತ್ತದೆ. ಇದರಿಂದ ಮುಖ ತಂಪಾಗುತ್ತದೆ, ಮೃದುವಾಗುತ್ತದೆ. ಬಣ್ಣ ಬರುತ್ತದೆ, ಕಲೆ ಮಾಯವಾಗುತ್ತದೆ ಎಂದು ನಾನು ಹೇಳಲಾರೆ.

ಹಬ್ಬದ ಉಳಿದ ಅಡುಗೆಯ ಬಗ್ಗೆ ಒಂದೇ ಮಾತು. ಚಿತ್ರಾನ್ನ, ಅನ್ನ, ಹೂರಣ, ಪಲ್ಯ ಯಾವುದನ್ನೂ ಎರಡು ತಾಸಿಗಿಂತ ಹೆಚ್ಚು ಹೊರಗಿಡಬೇಡಿ. ಅನ್ನದಲ್ಲಿ ಹುಟ್ಟುವ ಒಂದು ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಈ ದಸರಾಕ್ಕೆ ನಾದಿನಿ ಕೈಗೂಸಿನೊಂದಿಗೆ ಬರುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ, “ವೈನಿ, ಕೋಸಂಬರಿ ಮಾಡ್ತೀರೇನ್ರಿ?” ಎಂದು ನಕ್ಕಳು. “ಮಾಡ್ತೀನವಾ, ಕುದಿಸಿ ಮಾಡ್ತೀನಿ” ಎಂದೆ. ಅತ್ತೆಯವರಿಗೆ ಮಾತ್ರ ಇನ್ನೂ ಒಪ್ಪಿಗೆಯಿಲ್ಲ, ಕುದಿಸಿದರೆ ಅದು ಉಸಳಿಯಂತೆ.