ಸಡಿಲ ಮಣ್ಣು ಯಾರಿಗೆ ಬೇಡ?

ಗೌರಿಬಿದನೂರಿನ ಬಡಾವಣೆಗಳಲ್ಲಿ ಅಡ್ಡಾಡುವಾಗ ಕೆಲವು ಮನೆಗಳ ಗೇಟಿನ ಬುಡದಲ್ಲಿ ಹಳೆಯ ಪ್ಲಾಸ್ಟಿಕ್ ಬಾಟಲಿ ಕಣ್ಣಿಗೆ ಬೀಳುತ್ತದೆ. ಒಳಗೆ ಕುಂಕುಮ ಕದಡಿದ ಕೆಂಪು ನೀರು, ಇಲ್ಲವೇ ಉಜಾಲಾ ಹನಿಸಿದ ನೀಲಿ ನೀರು. ಬೀದಿನಾಯಿ ಹತ್ತಿರ ಬಾರದಿರಲಿ ಎಂದು ಹುಟ್ಟಿದ ಈ ಉಪಾಯ ಈಗ ಬೆಕ್ಕಿನ ಮೇಲೂ ಪ್ರಯೋಗವಾಗುತ್ತಿದೆ. ಕೊತ್ತಂಬರಿ ಪಾತಿಯ ನಡುವೆಯೂ ಬಾಟಲಿ ಕಾವಲು ನಿಂತಿದೆ. ನಾವಷ್ಟೇ ಅಲ್ಲ, ಜಪಾನಿನವರೂ ಬೆಕ್ಕು ಬಾರದಿರಲೆಂದು ಮನೆ ಸುತ್ತ ನೀರಿನ ಬಾಟಲಿ ಸಾಲಿಡುತ್ತಾರೆ. ಬಿಸಿಲು ಬಾಟಲಿಯೊಳಗಿಂದ ಒಂದೆಡೆ ಕೂಡಿ ಬಿದ್ದು ಬೆಂಕಿ ಹತ್ತೀತೆಂದು ಅಲ್ಲಿನ ಅಗ್ನಿಶಾಮಕದವರು ಎಚ್ಚರಿಸಿದ್ದೂ ಉಂಟು. ಬೆಕ್ಕಿಗಿಂತ ಬಾಟಲಿಯೇ ಅಪಾಯ!

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದವರು. ಬಾಟಲಿಯನ್ನು ಪರೀಕ್ಷಿಸಲು ಅಷ್ಟು ದೊಡ್ಡ ಸಮಿತಿ ಬೇಡ. ಒಂದು ಬೀದಿಯ ಅರ್ಧ ಮನೆಗಳಲ್ಲಿ ಬಾಟಲಿ ಇಡಿ, ಉಳಿದರ್ಧದಲ್ಲಿ ಬೇಡ. ತಿಂಗಳು ಕಳೆದು ಎರಡೂ ಕಡೆ ಬೆಕ್ಕು ಮಾಡಿದ ಗಲೀಜು ಎಣಿಸಿ. ಎಣಿಸುವ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ, ಹಾಗಾಗಿ ಬಾಟಲಿಯ ಮಹಿಮೆ ಅಬಾಧಿತ. ಅಂದಹಾಗೆ, ಬೆಕ್ಕಿನ ಕಣ್ಣಿಗೆ ಕೆಂಪು ನಮಗೆ ಕಂಡಷ್ಟು ಕೆಂಪಾಗಿ ಕಾಣುವುದೇ ಇಲ್ಲ. ಕುಂಕುಮ ದಂಡ.

ಬೆಕ್ಕಿನ ಲೆಕ್ಕಾಚಾರ ಸರಳ. ಒಣಗಿದ, ಸಡಿಲವಾದ, ಪಂಜಕ್ಕೆ ಸುಲಭವಾಗಿ ಸಿಗುವ ಮಣ್ಣು ಬೇಕು. ಕೆರೆದು, ಕೂತು, ಮುಚ್ಚಿ ಹೋಗಬೇಕು. ನಾವು ಪಾತಿ ಮಾಡುವುದು ಹೇಗೆ? ಕಲ್ಲು ಆರಿಸಿ, ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಹಿಟ್ಟಿನಂತೆ ಹದಮಾಡಿ ಮೆಂತ್ಯ ಚೆಲ್ಲುತ್ತೇವೆ. ಬೆಕ್ಕಿಗಾಗಿಯೇ ಮಾಡಿಸಿದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮೊಳಕೆಗಳ ಜಾಗದಲ್ಲಿ ಗುಂಡಿ, ಅದರ ಮೇಲೆ ಗುಡ್ಡೆ. ಚಿಂತಾಮಣಿಯ ಕಡೆಯಾದರೆ ಬೆಕ್ಕಿಗೆ ಕನ್ನಡ, ತೆಲುಗು ಎರಡರಲ್ಲೂ ಬೈಗುಳ ಬೀಳುತ್ತದೆ. ಅದು ಎರಡನ್ನೂ ಸಮನಾಗಿ ಅಲಕ್ಷಿಸುತ್ತದೆ.

ತಪ್ಪು ಬೆಕ್ಕಿನದಷ್ಟೇ ಅಲ್ಲ ಎನ್ನುವುದು ನನ್ನ ವಾದ. ಹಿಂದೆ ನಮ್ಮೂರುಗಳಲ್ಲಿ ಹಿತ್ತಿಲಿತ್ತು, ತಿಪ್ಪೆಯಿತ್ತು, ಬೀದಿಯ ಪಕ್ಕ ಮಣ್ಣಿತ್ತು. ಈಗ ರಸ್ತೆ ಕಾಂಕ್ರೀಟು, ಅಂಗಳ ಟೈಲ್ಸು, ಚರಂಡಿಗೂ ಚಪ್ಪಡಿ. ಇಡೀ ಬೀದಿಯಲ್ಲಿ ಮಣ್ಣು ಉಳಿದಿರುವುದು ಎರಡೇ ಕಡೆ: ಕಟ್ಟುತ್ತಿರುವ ಮನೆಯ ಮುಂದಿನ ಮರಳುಗುಡ್ಡೆಯಲ್ಲಿ, ಮತ್ತು ನೀವು ಮುದ್ದಿನಿಂದ ಬೆಳೆಸಿದ ನಾಲ್ಕಡಿ ಪಾತಿಯಲ್ಲಿ. ಗೃಹಪ್ರವೇಶವಾಗಿ ಮರಳು ಖಾಲಿಯಾದ ಮೇಲೆ ಬೆಕ್ಕು ಇನ್ನೆಲ್ಲಿಗೆ ಹೋಗಬೇಕು?

ಸಿಟ್ಟಿನಲ್ಲಿ ಜನ ಮಾಡುವ ಕೆಲಸಗಳು ಗಲೀಜಿಗಿಂತ ಕೆಟ್ಟವು. ಫಿನಾಯಿಲ್ ಸುರಿಯುತ್ತಾರೆ, ನುಸಿಗುಳಿಗೆ ಹರಡುತ್ತಾರೆ. ಫಿನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಪಂಜಕ್ಕೆ ಅಂಟಿದ್ದನ್ನು ನೆಕ್ಕಿದರೂ ಸಾಕು ವಿಷವೇರಲು. ಅದೇ ಮಣ್ಣಿನ ಸೊಪ್ಪು ನಾಳೆ ನಿಮ್ಮ ಬಸ್ಸಾರಿಗೆ ಹೋಗುತ್ತದೆ ಎಂಬುದು ಬೇರೆ ಮಾತು. ಬೆಕ್ಕು ಕೊಂದ ಪಾಪಕ್ಕೆ ಹೆದರುವವರು ಹಾಗೇ ಹೆದರಿಕೊಂಡಿರಲಿ. ಹೆದರದವರಿಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, ಪ್ರಾಣಿಗೆ ವಿಷವಿಕ್ಕಿದರೆ 5 ವರ್ಷದವರೆಗೆ ಸಜೆ. ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವುದೂ ವ್ಯರ್ಥ. ಒಂದು ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಕೆಲವೊಮ್ಮೆ ಬಿಟ್ಟದ್ದೇ ವಾಪಸ್ಸು ಬರುತ್ತದೆ.

ಶಿಡ್ಲಘಟ್ಟದವರಿಗಂತೂ ಬೆಕ್ಕಿನ ಜೊತೆ ಪೂರ್ತಿ ಜಗಳವಾಡುವ ಹಾಗಿಲ್ಲ. ಹುಳುಮನೆಗೆ ಇಲಿ ನುಗ್ಗಿದರೆ ರೇಷ್ಮೆಹುಳುವನ್ನೂ ಬಿಡುವುದಿಲ್ಲ, ಚಂದ್ರಿಕೆಯಲ್ಲಿ ಹುಳು ಕಟ್ಟಿದ ಗೂಡನ್ನೂ ಬಿಡುವುದಿಲ್ಲ. ಬೆಕ್ಕೊಂದು ಸುತ್ತಾಡುತ್ತಿದ್ದರೆ ಇಲಿಗೆ ಭಯ. ಹುಳು ಸಾಕುವ ಮನೆಯ ಅಕ್ಕಪಕ್ಕ ಕೀಟನಾಶಕದ ಘಾಟೂ ಸಲ್ಲದು.

ಪರಿಹಾರವೂ ಆ ಹುಳುಮನೆಯ ಹಿಂದೆಯೇ ಬಿದ್ದಿದೆ. ಹುಳು ಸೊಪ್ಪು ತಿಂದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಒಲೆಗೆ ಹೋಗುತ್ತದಲ್ಲ, ಅದರಲ್ಲಿ ಒಂದು ಹೊರೆ ತನ್ನಿ. ಬೀಜ ಚೆಲ್ಲಿದ ಪಾತಿಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಮೂರು ನಾಲ್ಕು ಅಂಗುಲಕ್ಕೊಂದರಂತೆ ಹಾಸಿ. ಸಸಿ ಸಂದಿಯಲ್ಲಿ ಮೇಲೇಳುತ್ತದೆ, ಬೆಕ್ಕಿಗೆ ತಿರುಗಿ ಕೂರಲು ಜಾಗವಿರುವುದಿಲ್ಲ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟದಲ್ಲಿ ಚಾಟನಿ ಮಾಡಿದ ಬಳ್ಳಿಯೂ, ಗುಲಾಬಿ ತೋಟದಲ್ಲಿ ಕತ್ತರಿಸಿದ ಮುಳ್ಳುಕಡ್ಡಿಯೂ ಸಿಗುತ್ತವೆ. ಮುಳ್ಳನ್ನು ಪಾತಿಯ ಅಂಚಿಗೆ ಮಾತ್ರ ಇಡಿ, ಕಳೆ ಕೀಳುವುದು ನಿಮ್ಮದೇ ಕೈ. ಮಣ್ಣು ತೇವವಾಗಿದ್ದರೂ ಬೆಕ್ಕಿಗೆ ಒಗ್ಗದು, ಆದರೆ ಸಾವಿರ ಅಡಿ ಮೀರಿ ಕೊಳವೆಬಾವಿ ಕೊರೆಯುವ ಜಿಲ್ಲೆಯಲ್ಲಿ ಬೆಕ್ಕು ಓಡಿಸಲು ನೀರು ಹೊಯ್ಯಿರಿ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ರಾಗಿ ಹುಲ್ಲು ಹೊದಿಸಿದರೆ ಇದ್ದ ತೇವವೂ ಉಳಿದೀತು, ಬರಿ ಮಣ್ಣು ಕಾಣುವುದೂ ತಪ್ಪೀತು.

ಗಲೀಜನ್ನು ಹಗುರವಾಗಿ ತೆಗೆದುಕೊಳ್ಳಿ ಎಂದೇನೂ ನಾನು ಹೇಳುತ್ತಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರಬಹುದು; ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಗರ್ಭಿಣಿಯರಿಗೆ ಮೊದಲ ಬಾರಿ ತಗುಲಿದರೆ ಹೊಟ್ಟೆಯೊಳಗಿನ ಕೂಸಿಗೆ ಅಪಾಯ. ಹೊರಬಿದ್ದ ಕೂಡಲೇ ಅದು ಸೋಂಕು ಹರಡದು, ಕನಿಷ್ಠ ಒಂದು ದಿನವಾದರೂ ಬೇಕು. ಆದ್ದರಿಂದ ಕಂಡ ದಿನವೇ ಎತ್ತಿ ಹಾಕುವುದು ಒಳ್ಳೆಯದು. ಗರ್ಭಿಣಿಯರು ಆ ಕೆಲಸದಿಂದ ದೂರವಿರಲಿ, ಉಳಿದವರು ಕೈಗವಸು ಹಾಕಲಿ, ಸೊಪ್ಪನ್ನು ಎರಡು ಮೂರು ನೀರಲ್ಲಿ ತೊಳೆಯಲಿ.

ಕಡ್ಡಿ ಹಾಸಿದ್ದಷ್ಟಕ್ಕೆ ಕೆಲಸ ಮುಗಿಯದು. ನಿಮ್ಮ ಪಾತಿ ಬಿಟ್ಟ ಬೆಕ್ಕು ಪಕ್ಕದ ಮನೆಯ ಸೇವಂತಿಗೆ ಕುಂಡಕ್ಕೆ ಹೋಗುತ್ತದೆ, ಅಷ್ಟೆ. ಕಾಂಪೌಂಡಿನ ಮೂಲೆಯೊಂದರಲ್ಲಿ, ಸೊಪ್ಪಿನಿಂದ ದೂರ, ನಾಲ್ಕು ಬಾಣಲೆ ಒಣ ಮರಳು ಸುರಿದು ಬಿಟ್ಟುಕೊಡಿ. ಮಳೆ ಬೀಳದಂತೆ ಮೇಲೊಂದು ತಗಡು ಹಾಕಿ. ಬೆಕ್ಕು ತಾನಾಗಿ ಹುಡುಕಿಕೊಳ್ಳುತ್ತದೆ. ಆ ಮರಳನ್ನು ದಿನಾ ಜಾಲಿಸಿ ಎತ್ತುವವರು ಯಾರು ಎಂಬುದನ್ನು, ಬೆಕ್ಕಿಗೆ ಹಾಲು ಹಾಕಿ ಆಮೇಲೆ ‘ನಮ್ಮದಲ್ಲ’ ಎನ್ನುವ ಎದುರುಮನೆಯವರ ಜೊತೆ ಕೂತು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.