ಬಾಯಿ ತೆರೆಯದ ಮರಿ, ಹಲ್ಲಿರುವ ಹೊಟ್ಟೆ

ಸಿಗಡಿ ಸುಲಿಯುವವರು ಅದರ ಬೆನ್ನು ಸೀಳಿ, ಕಪ್ಪು ದಾರದಂಥದ್ದೊಂದನ್ನು ಎಳೆದು ಬಿಸಾಡುತ್ತಾರೆ. ಕರಾವಳಿಯ ಮನೆಗಳಲ್ಲಿ ಮಕ್ಕಳು ಇದನ್ನು ನೋಡುತ್ತಲೇ ಬೆಳೆಯುತ್ತಾರೆ. ಅನೇಕರು ಅದನ್ನು ನರವೆಂದು ತಿಳಿದಿದ್ದಾರೆ. ಅದು ನರವಲ್ಲ, ಸಿಗಡಿಯ ಕರುಳು. ಕಪ್ಪಗೆ ಕಾಣುವುದು ಅದು ತಿಂದು ಉಳಿದ ಮಲ. ಸಿಗಡಿಯ ಜಠರ ಇರುವುದು ತಲೆಯ ಭಾಗದಲ್ಲಿ. ಅಲ್ಲಿಂದ ಹೊರಟ ಕರುಳು ಬೆನ್ನುದ್ದಕ್ಕೂ ಸಾಗಿ ಬಾಲದ ಬುಡದಲ್ಲಿ ತೆರೆದುಕೊಳ್ಳುತ್ತದೆ.

ಆದರೆ ಸಿಗಡಿ ಹುಟ್ಟುವಾಗ ಈ ಕರುಳು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಅದು ಸಿದ್ಧವಾಗುವ ಬಗೆ ಸ್ವಾರಸ್ಯವಾಗಿದೆ.

ಬುತ್ತಿಯ ಎರಡು ದಿನ

ಟೈಗರ್ ಸಿಗಡಿ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನು ಕಡಲಿಗೆ ಬಿಡುತ್ತದೆ. ಒಂದು ದಿನ ಕಳೆಯುವ ಮೊದಲೇ ಮೊಟ್ಟೆಯೊಡೆದು, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಉದ್ದದ ಮರಿ ಈಜತೊಡಗುತ್ತದೆ. ಇದರ ಹೆಸರು ನಾಪ್ಲಿಯಸ್. ಇದು ಏನನ್ನೂ ತಿನ್ನುವುದಿಲ್ಲ. ತಿನ್ನಲು ಬಾಯಿಯೇ ತೆರೆದಿರುವುದಿಲ್ಲ. ಕೋಳಿಮೊಟ್ಟೆಯಲ್ಲಿ ಹಳದಿ ಇರುವಂತೆ ಸಿಗಡಿಯ ಮೊಟ್ಟೆಯಲ್ಲಿಯೂ ತಾಯಿ ಇಟ್ಟ ಆಹಾರವಿರುತ್ತದೆ. ಮರಿ ಅದನ್ನು ಬುತ್ತಿಯಂತೆ ಒಡಲಲ್ಲಿಟ್ಟುಕೊಂಡೇ ಹೊರಬರುತ್ತದೆ. ಸುಮಾರು ಎರಡು ದಿನಗಳಲ್ಲಿ ಆರು ಹಂತ ದಾಟುವಷ್ಟರಲ್ಲಿ ಬುತ್ತಿ ಮುಗಿಯುತ್ತ ಬರುತ್ತದೆ. ಅಷ್ಟರೊಳಗೆ ಅನ್ನನಾಳ, ಜಠರ, ಕರುಳು ಸಿದ್ಧವಾಗಬೇಕು.

ಈ ನಾಳಕ್ಕೆ ಮೂರು ಭಾಗಗಳು. ಮುಂಭಾಗ ಮತ್ತು ಹಿಂಭಾಗ ಮೈಯ ಹೊರಪದರವೇ ಒಳಕ್ಕೆ ಮಡಚಿ ಆದವು. ಆದ್ದರಿಂದ ಅವುಗಳ ಒಳಮೈಗೆ ಚಿಪ್ಪಿನಂಥದೇ ಪೊರೆಯಿದೆ. ನಡುಭಾಗಕ್ಕೆ ಮಾತ್ರ ಪೊರೆಯಿಲ್ಲ. ಆಹಾರ ಜೀರ್ಣವಾಗಿ ರಕ್ತಗತವಾಗುವ ಕೆಲಸ ಈ ನಡುಭಾಗದ್ದು.

ಮೊದಲ ತುತ್ತು

ಮುಂದಿನ ರೂಪ ಪ್ರೋಟೊಜೋಯಿಯಾ. ಈಗ ಬಾಯಿ ತೆರೆದಿದೆ. ಆದರೆ ಜಠರದಲ್ಲಿ ಅರೆಯುವ ಸಾಧನವಿಲ್ಲ. ಆದ್ದರಿಂದ ನೀರಿನಲ್ಲಿ ತೇಲುವ ಡಯಾಟಮ್ ಎಂಬ ಏಕಕೋಶ ಪಾಚಿಗಳನ್ನು ಸೋಸಿ ನುಂಗುತ್ತದೆ. ಕರುಳಿನ ನಡುಭಾಗದ ಇಕ್ಕೆಲದ ಪುಟ್ಟ ಚೀಲಗಳು ಕಿಣ್ವಗಳನ್ನು ಸುರಿಸುತ್ತವೆ. ಆಹಾರ ಬೇಗ ಬೇಗ ಸಾಗಿಹೋಗುವುದರಿಂದ ಮರಿ ಎಡೆಬಿಡದೆ ತಿನ್ನಬೇಕು. ಹೊಟ್ಟೆ ತುಂಬಿದ ಮರಿಯ ಹಿಂದೆ ಮಲದ ಎಳೆಯೊಂದು ಉದ್ದಕ್ಕೆ ಜೋತಾಡುತ್ತಿರುತ್ತದೆ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಗಾಜಿನ ಬೀಕರನ್ನು ಬೆಳಕಿಗೆ ಹಿಡಿದು ನೋಡುವವರಿಗೆ ಆ ಎಳೆ ಕಂಡರೆ ಸಮಾಧಾನ. ಕಾಣದಿದ್ದರೆ ಚಿಂತೆ.

ಈ ಮೊದಲ ತುತ್ತಿನ ಗುಟ್ಟು ತಿಳಿಯದೆ ಸಿಗಡಿ ಸಾಕಣೆ ಬೆಳೆಯುವಂತಿರಲಿಲ್ಲ. ಜಪಾನಿನ ವಿಜ್ಞಾನಿ ಮೊಟೊಸಾಕು ಫುಜಿನಾಗ 1934ರಲ್ಲಿ ಕುರುಮಾ ಸಿಗಡಿಯಿಂದ ಮೊಟ್ಟೆ ಪಡೆದು ಮರಿ ಮಾಡಿಸಿದರು. ಬುತ್ತಿ ಇರುವವರೆಗೆ ಮರಿಗಳಿಗೆ ಏನೂ ಬೇಕಿರಲಿಲ್ಲ. ಬುತ್ತಿ ತೀರಿದ ಮೇಲೆ ಏನು ಕೊಡಬೇಕೆಂಬುದೇ ದೊಡ್ಡ ತೊಡಕಾಯಿತು. ಸ್ಕೆಲಿಟೊನೀಮ ಎಂಬ ಡಯಾಟಮನ್ನು ಬೇರೆಯಾಗಿ ಬೆಳೆಸಿ ಉಣಿಸಿದಾಗ ಮರಿಗಳು ಆ ಹಂತವನ್ನು ದಾಟಿದವು. ಅವರ ವಿವರವಾದ ವರದಿ 1942ರಲ್ಲಿ ಪ್ರಕಟವಾಯಿತು.

ಮೂರನೆಯ ರೂಪವಾದ ಮೈಸಿಸ್ ಬೇಟೆಗಾರ. ಅದಕ್ಕೆ ಸಾಕಣೆಯಲ್ಲಿ ಆರ್ಟೀಮಿಯ ಎಂಬ ಉಪ್ಪುನೀರಿನ ಜೀವಿಯ ಮರಿಗಳನ್ನು ಉಣಿಸುತ್ತಾರೆ. ಮುಂದೆ ಸಿಗಡಿಯ ರೂಪ ಬಂದಮೇಲೂ ಹೊಟ್ಟೆಯ ಕೆಲಸ ಮುಗಿದಿರುವುದಿಲ್ಲ. ಜಠರದ ಹಲ್ಲುಗಳೂ ಜೀರ್ಣಗ್ರಂಥಿಯೂ ಪೂರ್ಣವಾಗಲು ಇನ್ನೂ ಕೆಲವು ವಾರಗಳು ಬೇಕು.

ಏಡಿಯ ದಾರಿ ಬೇರೆ

ಅಳಿವೆಗಳ ಕೆಸರಿನಲ್ಲಿ ಸಿಗುವ ದೊಡ್ಡ ಏಡಿಯ ಮರಿಗೆ ಬುತ್ತಿಯ ಮೇಲೆ ಕಾಲ ಕಳೆಯುವಷ್ಟು ಬಿಡುವಿಲ್ಲ. ಅದು ಜೋಯಿಯಾ ರೂಪದಲ್ಲಿ ಹೊರಬಂದು ಮೊದಲಿನಿಂದಲೇ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಜೋಯಿಯಾದ ಐದು ಹಂತಗಳು ಮುಗಿದ ಮೇಲೆ ಕೊಂಡಿಗಳಿರುವ ಮೆಗಲೋಪ ರೂಪ. ಜಠರದಲ್ಲಿ ಹಲ್ಲು ಮೂಡುವುದು ಆಗಲೇ. ಹೊರಗೆ ಹಿಡಿಯುವ ಕೊಂಡಿ, ಒಳಗೆ ಅರೆಯುವ ಹಲ್ಲು, ಎರಡೂ ಒಟ್ಟಿಗೆ ಬರುತ್ತವೆ.

ಆದರೆ ಏಡಿಮರಿಗಳಿಗೆ ಒಂದು ಅಪಾಯವಿದೆ. ಹಸಿವು ಒಂದು ಮಿತಿ ದಾಟಿದರೆ ಜೀರ್ಣಗ್ರಂಥಿಯ ಕೋಶಗಳೇ ಹಾಳಾಗುತ್ತವೆ. ಆಮೇಲೆ ಎಷ್ಟು ಆಹಾರ ಕೊಟ್ಟರೂ ಮರಿ ಉಳಿಯುವುದಿಲ್ಲ. ತಿನ್ನುತ್ತಿದ್ದರೂ ಸಾಯುತ್ತದೆ.

ಹಲ್ಲು ಬಾರದ ಕೂಸಿಗೆ ಯಾರೂ ಚಕ್ಕುಲಿ ಕೊಡುವುದಿಲ್ಲ. ಹಾಗೆಂದು ಹಸಿದ ಕೂಸನ್ನು ಕಾಯಿಸುವುದೂ ಇಲ್ಲ. ಸಿಗಡಿ, ಏಡಿ ಸಾಕುವವರಿಗೂ ಇದೇ ಪಾಠ. ಯಾವ ಹೊಟ್ಟೆಗೆ ಯಾವಾಗ ಏನು ಎಂಬ ಲೆಕ್ಕ ಒಂದು ದಿನ ತಪ್ಪಿದರೂ ತೊಟ್ಟಿಗಟ್ಟಲೆ ಮರಿಗಳು ಕೈತಪ್ಪಬಹುದು.

ಮನೆಯಲ್ಲಿ ಏಡಿ ತಂದ ದಿನ ಮಕ್ಕಳು ಹಿರಿಯರ ನೆರವಿನಿಂದ ಇದನ್ನು ಕಣ್ಣಾರೆ ನೋಡಬಹುದು. ಬೆನ್ನಿನ ಚಿಪ್ಪು ತೆಗೆದಾಗ ಕಣ್ಣುಗಳ ಹಿಂದೆ ಸಣ್ಣ ಚೀಲವೊಂದು ಸಿಗುತ್ತದೆ. ಅದೇ ಜಠರ. ಅದನ್ನು ಬಿಡಿಸಿದರೆ ನಡುವೆ ಒಂದು, ಅಕ್ಕಪಕ್ಕ ಎರಡು ಗಟ್ಟಿ ಹಲ್ಲುಗಳು ಕಾಣುತ್ತವೆ. ಏಡಿ ಪೊರೆ ಕಳಚುವಾಗಲೆಲ್ಲ ಜಠರದ ಒಳಪೊರೆಯೊಂದಿಗೆ ಈ ಹಲ್ಲುಗಳೂ ಕಳಚಿ ಹೊಸವು ಬರುತ್ತವೆ. ಮನುಷ್ಯನಿಗೆ ಹಲ್ಲು ಬೀಳುವುದು ಒಂದೇ ಸಲ. ಏಡಿಗೆ ಎಷ್ಟು ಪೊರೆಯೋ ಅಷ್ಟು ಸಲ!