ನಮ್ಮ ಕೇಸು ಯಾರ ಕೈಯಾಗ?

ನಮ್ಮ ಕೇರಿಗೆ 'ಕೇಸು' ಎಂಬ ಮಾತು ಬಂದದ್ದು ಪೊಲೀಸ್ ಠಾಣೆಯಿಂದ. ಕೇಸ್ ಹಾಕ್ಯಾರ, ಕೇಸ್ ನಡದದ, ಕೇಸ್ ಮುಚ್ಚ್ಯಾರ. ಅದೇ ಮಾತನ್ನು ಅಮೆರಿಕದ ಕಾಲೇಜುಗಳು ಬೇರೆ ಅರ್ಥದಲ್ಲಿ ಬಳಸುತ್ತವೆ. ವಿದ್ಯಾರ್ಥಿಗೆ ಸಲಹೆ ಕೊಡುವುದನ್ನು ಅಲ್ಲಿ 'ಕೇಸ್ ಮ್ಯಾನೇಜ್‌ಮೆಂಟ್' ರೀತಿಯಲ್ಲಿ ಮಾಡುವುದುಂಟು. ಹುಡುಗ ಸೇರಿದ ದಿನದಿಂದ ಪದವಿ ಕೈಗೆ ಬರುವ ತನಕ ಗೊತ್ತಾದ ಒಬ್ಬ ಮನುಷ್ಯ ಅವನ ಫೀ, ಹಾಜರಿ, ಕಾಯಿಲೆ, ಹಾಸ್ಟೆಲ್ಲು ಎಲ್ಲವನ್ನೂ ಬಲ್ಲವನಾಗಿರಬೇಕು. ಎಲ್ಲಾದರೂ ಕೆಲಸ ಕೆಟ್ಟರೆ ಹುಡುಗನನ್ನು ಓಡಿಸದೆ ತಾನೇ ಓಡಬೇಕು. ಇದರ ಬೇರು ಸಮಾಜಕಾರ್ಯದಲ್ಲಿದೆ. ಒಬ್ಬೊಬ್ಬರ ಕಷ್ಟವನ್ನೂ ಬಿಡಿಸಿ ವಿಚಾರಿಸುವ ಬಗೆಯ ಮೇಲೆ ಮೇರಿ ರಿಚ್ಮಂಡ್ ಎಂಬಾಕೆ 1917ರಲ್ಲೇ ದೊಡ್ಡ ಪುಸ್ತಕ ಬರೆದಿದ್ದರು.

ಒಳ್ಳೆಯದೇ. ನಮಗೆ ಬೇಕಾದದ್ದೂ ಇದೇ. ಆದರೆ ನಮ್ಮಲ್ಲಿ ಅದು ಏನಾಯಿತು ನೋಡಿ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್, ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂದು ಲೆಕ್ಕ ಕೇಳಿತು. ಲೆಕ್ಕ ಕೇಳಿದರೆ ಲೆಕ್ಕ ಬರೆಯುವುದು ನಮ್ಮವರಿಗೆ ಕಷ್ಟವೇ? ಸಮಿತಿ ಬರುವ ವಾರ ಪುಸ್ತಕಗಳು ತಯಾರಾಗುತ್ತವೆ. ಒಂದೇ ಪೆನ್ನು, ಒಂದೇ ಕೈಬರಹ, ಮೂರು ವರ್ಷದ ಭೇಟಿ ಒಂದೇ ಮಧ್ಯಾಹ್ನದಲ್ಲಿ. 'ವಿದ್ಯಾರ್ಥಿಗೆ ಧೈರ್ಯ ತುಂಬಲಾಯಿತು.' ಯಾವ ಚೀಲದಾಗ ತುಂಬಿದ್ರಿ ಸ್ವಾಮಿ?

ಮಾಸ್ತರರನ್ನಷ್ಟೇ ಬಯ್ಯುವುದು ಅನ್ಯಾಯ. ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. 2023ರ ಕೊನೆಯಲ್ಲಿ ಅವರೇ ಖಾಯಂ ಮಾಡಿರೆಂದು ಪಾಠ ಬಿಟ್ಟು ಬೀದಿಯಲ್ಲಿ ಕೂತಿದ್ದರು. ಮುಂದಿನ ವರ್ಷ ತಾನಿರುವುದೇ ಗೊತ್ತಿಲ್ಲದವನ ಕೈಗೆ ಹುಡುಗನ ಮೂರು ವರ್ಷ ಒಪ್ಪಿಸುವುದು ಎಂಥ ಮ್ಯಾನೇಜ್‌ಮೆಂಟು?

ಬ್ರಹ್ಮಪುರದ ಓಣಿಗಳಲ್ಲಿ ರೂಮು ಹಿಡಿದಿರುವ ಹುಡುಗರನ್ನು ನಿಲ್ಲಿಸಿ, ನಿಮ್ಮ ಮೆಂಟರ್ ಯಾರಪ್ಪ ಅಂತ ಕೇಳಿ. ತಲೆ ಕೆರಕೋತಾರ. ಸ್ಕಾಲರ್‌ಶಿಪ್ಪಿನ ಪಾಸ್‌ವರ್ಡ್ ಯಾರ ಬಲ್ಲಿ ಅದ ಅಂತ ಕೇಳಿ. 'ಝೆರಾಕ್ಸ್ ಅಂಗಡಿ ಅಣ್ಣಾರ ಬಲ್ಲಿ ಅದರಿ' ಅಂತ ತಟ್ಟನೆ ಹೇಳ್ತಾರ. ಜಾತಿ ಆದಾಯ ಪತ್ರದ ಆರ್‌ಡಿ ನಂಬರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, 371(ಜೆ) ಪತ್ರ, ಎಲ್ಲದರ ಒಳಹೊರಗು ಬಲ್ಲವನು ಅವನೊಬ್ಬನೇ. ಸರ್ಕಾರ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಅವನು ಫಾರ್ಮಿಗೆ ಇಷ್ಟು ಅಂತ ರೊಕ್ಕ ತಗೊಂಡು ಮಾಡ್ತಾನೆ. ರೊಕ್ಕ ಇಲ್ಲದವನ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕಮಲಾಪುರದ ಕಡೆಯ ಒಬ್ಬ ಹುಡುಗಿ, ಮಲ್ಲಮ್ಮ ಅಂತ ಇಟ್ಟುಕೊಳ್ಳಿ. ಆಧಾರಿನಲ್ಲಿ ಇಂಗ್ಲಿಷಿನ ಒಂದು 'ಎಲ್' ಬಿಟ್ಟು ಬರೆದಿದ್ದಾರೆ, ಅಂಕಪಟ್ಟಿಯಲ್ಲಿ ಎರಡಿವೆ. ಅವ್ವ ಅಪ್ಪ ತೊಗರಿ ರಾಶಿ ಮುಗಿಸಿ ದುಡಿಲಿಕ್ಕೆ ಮುಂಬೈಗೆ ಹೋಗ್ಯಾರ. ಕಾಲೇಜು ಬ್ಯಾಂಕಿಗೆ ಹೋಗು ಅಂತದ. ಬ್ಯಾಂಕು ಆಧಾರ್ ಸೆಂಟರಿಗೆ, ಸೆಂಟರು ಸಮಾಜ ಕಲ್ಯಾಣ ಇಲಾಖೆಗೆ, ಇಲಾಖೆ ತಿರುಗಿ ಕಾಲೇಜಿಗೆ. ಒಂದು ಅಕ್ಷರದ ಸಲುವಾಗಿ ನಾಲ್ಕು ಕಚೇರಿ, ಎಷ್ಟೋ ಬಸ್ಸು, ಎಷ್ಟೋ ಉಪವಾಸ. ಅಷ್ಟರಲ್ಲಿ ಹಾಜರಿ 75ಕ್ಕಿಂತ ಕೆಳಗಿಳಿದಿರುತ್ತದೆ. ಆಗ ಕಾಲೇಜಿಗೆ ಆಕೆ ನೆನಪಾಗುತ್ತಾಳೆ, ಹಾಲ್‌ಟಿಕೆಟ್ ತಡೆಯುವುದಕ್ಕೆ. ಸಲಹೆಗಾರರು ಕರೆದು 'ಓದಿನಲ್ಲಿ ಆಸಕ್ತಿ ಬೆಳೆಸಿಕೊಳ್ಳಮ್ಮ' ಅನ್ನುತ್ತಾರೆ. ಆ 'ಎಲ್' ತಿಂದವಳು ಆಕೆಯೇನು?

2012ರಲ್ಲಿ ಯುಜಿಸಿ ತಾರತಮ್ಯದ ವಿರುದ್ಧ ನಿಯಮ ತಂದು, ಸಮಾನ ಅವಕಾಶ ಕೋಶ ಇರಬೇಕು ಅಂದಿತು. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಪ್ರಾಣ ಬಿಟ್ಟ ರೋಹಿತ್ ವೇಮುಲ, ತನಗೆ ಬರಬೇಕಾದ ಏಳು ತಿಂಗಳ ಫೆಲೋಶಿಪ್ ಬಾಕಿ, 1 ಲಕ್ಷ 75 ಸಾವಿರ ರೂಪಾಯಿಯ ಲೆಕ್ಕವನ್ನು ಕೊನೆಯ ಪತ್ರದಲ್ಲಿ ಬರೆದಿಟ್ಟ. ಆ ಹುಡುಗನ ಫೈಲು ಆಗ ಯಾರ ಮೇಜಿನ ಮೇಲಿತ್ತು? ಧೈರ್ಯದ ಮಾತು ಆ ಬಾಕಿಯನ್ನು ತೀರಿಸುತ್ತಿತ್ತೆ?

ಬಾಬಾಸಾಹೇಬರಿಗೆ ಕೃಷ್ಣಾಜಿ ಕೇಳುಸ್ಕರ್ ಎಂಬ ಮಾಸ್ತರರಿದ್ದರು. 1907ರಲ್ಲಿ ಮೆಟ್ರಿಕ್ ಪಾಸಾದ ಹುಡುಗನಿಗೆ ತಾವು ಬರೆದ ಬುದ್ಧನ ಚರಿತ್ರೆ ಕೊಟ್ಟು ಸುಮ್ಮನಾಗಲಿಲ್ಲ. ಮುಂದಿನ ಓದಿಗೆ ರೊಕ್ಕ ಸಾಲದಾದಾಗ ಬರೋಡದ ಸಯಾಜಿರಾವ್ ಮಹಾರಾಜರ ತನಕ ಕರೆದೊಯ್ದರು. ತಿಂಗಳಿಗೆ 25 ರೂಪಾಯಿ ಸಿಕ್ಕಿತು. ಹಾಗಂತ ಪ್ರತಿ ಕೇರಿಯ ಹುಡುಗನೂ ಒಬ್ಬ ಕೇಳುಸ್ಕರರ ದಯೆಗಾಗಿ ಕಾಯುತ್ತ ಕೂರಬೇಕೆ? ಅವರು ಮಾಡಿದ ಕೆಲಸಕ್ಕೆ ಕಾಲೇಜಿಗೊಂದು ಖಾಯಂ ಹುದ್ದೆ ಬೇಕು. ಇಲಾಖೆಗೆ ಬರೆದು ಇಂತಿಷ್ಟು ದಿನದಲ್ಲಿ ಉತ್ತರ ತರಿಸುವ ಅಧಿಕಾರ ಆ ಹುದ್ದೆಗಿರಬೇಕು. ವಿದ್ಯಾರ್ಥಿವೇತನ ತಡವಾದದ್ದಕ್ಕೆ ಯಾರ ಹಾಲ್‌ಟಿಕೆಟ್ಟೂ ನಿಲ್ಲಕೂಡದು.

ಇನ್ನೊಂದು ಮಾತು. ಆ ಫೈಲು ವಿದ್ಯಾರ್ಥಿಯ ಕೈಯಲ್ಲೇ ಇರಬೇಕು. ನಮ್ಮ ಬಡತನ, ಜಾತಿ, ಮನೆಯ ಜಗಳ, ಮೈಯ ಕಾಯಿಲೆ ಎಲ್ಲ ಬರೆದು ಅವರ ಕಪಾಟಿನಲ್ಲಿ ಇಟ್ಟುಕೊಳ್ಳುವುದಾದರೆ ಅದು ಗೌಡ ಕುಲಕರ್ಣಿಗಳ ದಫ್ತರವೇ. ನಮ್ಮಜ್ಜಂದಿರ ಹೆಬ್ಬೆಟ್ಟು ಅಂಥ ದಫ್ತರಗಳಲ್ಲಿ ಸಾಕಷ್ಟು ಬಿದ್ದಿವೆ.

1968ರಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ದು ಇದೇ ಗುಲಬರ್ಗಾದಲ್ಲಿ. ಆಮೇಲೆ ದಲಿತ ಸಂಘರ್ಷ ಸಮಿತಿ ಬೆಳೆದದ್ದು ಹಾಸ್ಟೆಲ್ಲಿನ ಕೋಣೆಗಳಲ್ಲಿ. ಹೊಸದಾಗಿ ಬಂದ ಹುಡುಗನ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತುವುದು ಅಲ್ಲಿ ಹಿರಿಯ ವಿದ್ಯಾರ್ಥಿಯ ಕೆಲಸವಾಗಿತ್ತು. ಅದಕ್ಕೆ ಇಂಗ್ಲಿಷ್ ಹೆಸರೇನೂ ಇರಲಿಲ್ಲ. ಗೆಳೆಯರೇ, ಈ ಸಲ ಸ್ಕಾಲರ್‌ಶಿಪ್ಪಿಗೆ ಅರ್ಜಿ ಕರೆದ ವಾರವೇ ಬ್ರಹ್ಮಪುರದಲ್ಲಿ ಒಂದು ಮೇಜು ಹಾಕಿ ಕೂರೋಣ. ಯಾವ ಅರ್ಜಿ ಯಾವ ಕಚೇರಿಯಲ್ಲಿ ಎಷ್ಟು ದಿನದಿಂದ ಬಿದ್ದಿದೆ ಎಂದು ಬರೆದು, ಹುಡುಗರ ಹೆಸರು ಬಿಟ್ಟು ಕಚೇರಿಯ ಹೆಸರನ್ನಷ್ಟೇ ದಪ್ಪಕ್ಷರದಲ್ಲಿ ಗೋಡೆಗೆ ಅಂಟಿಸೋಣ. ಬರುವವರು ನೂರು ಪುಟದ ಒಂದು ನೋಟ್‌ಬುಕ್ಕು, ಪೆನ್ನು ತರ್ರಿ.